ವಾಲ್ಟರನ ದವಡೆ, ಮರೆಪ್ಪ ಕಾಕಾನ ಸೂಜಿ

ಸೇಡಂ

ನಾನು ಅಮೆರಿಕಕ್ಕೆ ಹೋಗಿಬಂದದ್ದು ನಾಯಿಯ ಬಾಯಿ ನೋಡಲು. ಇದನ್ನು ಹೀಗೆ ನೇರವಾಗಿ ಮೊದಲೇ ಹೇಳಿಬಿಟ್ಟಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ. ಆದರೆ ಹೋಗುವ ಮುಂಚೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ದನದ ಡಾಕ್ಟರು. ಮನೆ ಸೇಡಂನಲ್ಲಿ, ಕೆಲಸ ಚಿಂಚೋಳಿ ತಾಲ್ಲೂಕಿನ ಕೊಡ್ಲಿ ಸುತ್ತಲಿನ ಹಳ್ಳಿಗಳಲ್ಲಿ. ನಮ್ಮ ಕಡೆಯ ಎತ್ತುಗಳಿಗೆ ಕೊಂಬಿನ ಬುಡದಲ್ಲಿ ಕ್ಯಾನ್ಸರ್ ಬರುತ್ತದೆ. ಕೊಂಬು ಒಂದು ಕಡೆ ವಾಲುತ್ತದೆ, ಮೂಗಿನಿಂದ ರಕ್ತ ಇಳಿಯುತ್ತದೆ, ಎತ್ತು ತಲೆ ಕೊಡವಿಕೊಂಡು ನಿಲ್ಲುತ್ತದೆ. ಅಂಥ ಕೊಂಬುಗಳನ್ನು ವರ್ಷಾನುಗಟ್ಟಲೆ ಕೊಯ್ದು, ಕೊಯ್ದದ್ದನ್ನೆಲ್ಲ ಬರೆದಿಟ್ಟು, ಅದನ್ನೊಂದು ನಾಲ್ಕು ಪುಟದ ಟಿಪ್ಪಣಿ ಮಾಡಿ ಕಳಿಸಿದ್ದೆ. ಆ ಟಿಪ್ಪಣಿ ಯಾರ ಯಾರದೋ ಕೈ ದಾಟಿ ಅಮೆರಿಕದ ಒಂದು ಪಶುವೈದ್ಯ ಕಾಲೇಜು ಮುಟ್ಟಿತು. ಅವರು ಹತ್ತು ದಿನದ ತರಬೇತಿಗೆ ಕರೆದರು. ವಿಷಯ: ನಾಯಿಗಳ ಬಾಯಿಯ ಕ್ಯಾನ್ಸರಿಗೆ ಡಿಎನ್‌ಎ ಲಸಿಕೆ.

ಕರೆದದ್ದು ಒಬ್ಬನನ್ನು. ಹೊರಟದ್ದು ಇಬ್ಬರು. ಮೇಲಿನ ಹುದ್ದೆಯ ಹಿರಿಯರೊಬ್ಬರು, ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತೇನೆ, ಈ ತಂಡಕ್ಕೆ ಒಬ್ಬ ನಾಯಕ ಬೇಕು ಎಂದು ಕಂಡುಕೊಂಡರು. ಒಬ್ಬನೇ ಇದ್ದ ತಂಡಕ್ಕೆ ನಾಯಕರಾಗಿ ತಮ್ಮನ್ನೇ ನೇಮಿಸಿಕೊಂಡರು.

ಸೇಡಂನಲ್ಲಿ ಗೆಳೆಯರು ಸೇರಿ ಸನ್ಮಾನ ಇಟ್ಟರು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು. ಅದರ ಮೇಲೆ ನನ್ನ ಫೋಟೊ, ಪಕ್ಕದಲ್ಲಿ ಒಂದು ವಿಮಾನ, ಕೆಳಗೆ ಈ ಸಾಲು: ‘ಕ್ಯಾನ್ಸರ್ ಲಸಿಕೆ ತರಲು ಅಮೆರಿಕಕ್ಕೆ ಹೊರಟ ನಮ್ಮ ಹೆಮ್ಮೆಯ ಡಾಕ್ಟರ್.’ ನಾನು ಬ್ಯಾನರು ಬರೆಸಿದವನನ್ನು ಪಕ್ಕಕ್ಕೆ ಕರೆದು, “ಪಶು ಅನ್ನೋ ಮಾತು ಎಲ್ಲಿ ಹೋತೋ?” ಅಂದೆ.

“ಜಾಗಾ ಸಾಲ್ಲಿಲ್ರಿ ಸರ್. ವಿಮಾನ ಭಾಳ ಜಾಗಾ ತಿಂತು.”

ಆಗ ನಾನು ಮೈಕ್ ಹಿಡಿದು ಇದು ನಾಯಿಯ ಲಸಿಕೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹದಿನೆಂಟು ವರ್ಷ ಸಗಣಿಯಲ್ಲಿ ಮೊಣಕೈವರೆಗೆ ಕೈಹಾಕಿದವನ ಹೆಗಲ ಮೇಲೆ ಮೊದಲ ಸಲ ಶಾಲು ಬಿದ್ದಿತ್ತು. ಅದು ಬೆಚ್ಚಗಿತ್ತು. ನಾನು ನಕ್ಕು ಕೈ ಮುಗಿದೆ. ಬ್ಯಾನರಿನ ಮುಂದೆ ಹಾಗೆ ನಿಂತ ಫೋಟೊ ಅಂದು ಸಂಜೆಯೊಳಗೆ ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಸುತ್ತಿ ನನ್ನ ಫೋನಿಗೇ ಹನ್ನೊಂದು ಸಲ ವಾಪಸು ಬಂತು.

ಮುಂದಿನ ಸಾಲಿನಲ್ಲಿ ನನ್ನ ಕಾಕಾ, ಅಂದರೆ ನಮ್ಮಪ್ಪನ ತಮ್ಮ ಮರೆಪ್ಪ, ತನ್ನೂರು ತೆಂಗಳಿಯಿಂದ ಬಂದು ಕೂತಿದ್ದ. ಪಕ್ಕದಲ್ಲಿ ಸಣ್ಣವ್ವ, ಅವನ ಹೆಂಡತಿ. ಕಾಕಾ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದವನು. ತಂಬಾಕು ಸುಣ್ಣ ತಿಕ್ಕಿ ಎಡಗಲ್ಲಕ್ಕೆ ಇಟ್ಟುಕೊಂಡೇ ಬದುಕಿದವನು. ಈಗ ಆ ಎಡಗಲ್ಲದಲ್ಲೇ ಹುಣ್ಣು, ಹುಣ್ಣಿನ ಕೆಳಗೆ ಗಡ್ಡೆ. ಕಲಬುರಗಿಯಲ್ಲಿ ಪರೀಕ್ಷೆ ಆಗಿತ್ತು, ಕ್ಯಾನ್ಸರ್ ಎಂದು ಖಚಿತವಾಗಿತ್ತು, ಆಪರೇಷನ್ನಿಗೆ ತಾರೀಖೂ ಕೊಟ್ಟಿದ್ದರು. ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತಿದ್ದ ಅವನು ಕಾರ್ಯಕ್ರಮ ಮುಗಿದ ಮೇಲೆ ನನ್ನ ಕೈ ಹಿಡಿದು ಅಂದ:

“ಸುಭಾಷಾ, ಜಲ್ದಿ ಬಾ.”

ಕಾಕಾನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿತು.

ವಿಮಾನ ಇಳಿದ ಊರು

ಅಮೆರಿಕಕ್ಕೆ ಇಳಿದವರನ್ನು ಒಂದು ಕಟಕಟೆಯ ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಇತ್ತೀಚೆಗೆ ದನಕರುಗಳ ಹತ್ತಿರ ಹೋಗಿದ್ದಿರಾ?

ಸಾಹೇಬರು ನನ್ನ ಮುಂದಿದ್ದರು. “ನೋ,” ಅಂದರು. ಪಶುವೈದ್ಯರಾದ ಅವರು ಪೂರ್ತಿ ನಿಜವನ್ನೇ ಹೇಳಿದ್ದರು. ದನ ಮುಟ್ಟಿ ಅವರಿಗೆ ಬಹಳ ವರ್ಷಗಳಾಗಿದ್ದವು. ಅವರನ್ನು ಕೂಡಲೇ ಒಳಗೆ ಬಿಟ್ಟರು.

ನಾನು “ಯೆಸ್” ಅಂದೆ.

“ಯಾವಾಗ?”

“ಹೊರಡುವ ಹಿಂದಿನ ದಿನ. ಒಂದು ಎಮ್ಮೆಯ ಕರು ಅಡ್ಡ ತಿರುಗಿತ್ತು, ಎಳೆದೆ.”

ಅಧಿಕಾರಿ ಪೆನ್ನು ಕೆಳಗಿಟ್ಟ. ನನ್ನನ್ನು ಬೇರೆ ಸಾಲಿಗೆ ಕರೆದೊಯ್ದರು. ಅಲ್ಲೊಬ್ಬ ಹೆಣ್ಣುಮಗಳು ಕೈಗವಸು ಹಾಕಿಕೊಂಡು ನನ್ನ ಬೂಟುಗಳನ್ನು ಹಿಡಿದಳು, ಅಟ್ಟೆ ತಿರುಗಿಸಿ ನೋಡಿದಳು. ಕೊಡ್ಲಿಯ ಕರಿಮಣ್ಣು, ಅದರೊಳಗೆ ಒಣಗಿದ ಸಗಣಿ. ಮೂಸಿ ನೋಡದೆಯೂ ಅವಳಿಗೆ ತಿಳಿಯಿತು. ಬೂಟುಗಳನ್ನು ಒಯ್ದು ಔಷಧಿ ನೀರಿನಲ್ಲಿ ತಿಕ್ಕಿ ತೊಳೆದರು. ಅಷ್ಟು ಹೊತ್ತೂ ನಾನು ಹೆಬ್ಬೆರಳು ಹೊರಬಂದ ಕಾಲುಚೀಲದಲ್ಲಿ ನಿಂತಿದ್ದೆ. ಸಾಹೇಬರು ದೂರದಲ್ಲಿ ನಿಂತು, ನಾನು ಯಾರೆಂದೇ ಗೊತ್ತಿಲ್ಲದವರ ಹಾಗೆ ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದರು.

ಬೂಟು ವಾಪಸು ಬಂದಾಗ ನನಗೇ ಗುರುತು ಹತ್ತಲಿಲ್ಲ. ಕೊಂಡ ದಿನವೂ ಅವು ಅಷ್ಟು ಹೊಳೆದಿರಲಿಲ್ಲ.

“ಡಾಕ್ಟ್ರೇ, ಎಲ್ಲಾ ಕಡಿ ಖರೆ ಹೇಳಬಾರ್ದು,” ಸಾಹೇಬರು ಕಾರಿನಲ್ಲಿ ಬುದ್ಧಿ ಹೇಳಿದರು. ಆ ಮಾತನ್ನು ನಾನು ಸೇಡಂನಲ್ಲಿ ಆಗಲೇ ಪಾಲಿಸಿ ಬಂದಿದ್ದೆ.

ಮೊದಲ ದಿನ

ಊರಿನ ಸುತ್ತಲೂ ಮೆಕ್ಕೆಜೋಳ. ಕಣ್ಣು ಹಾಯುವವರೆಗೆ ಹೊಲ, ಹೊಲದಲ್ಲಿ ಒಬ್ಬ ಮನುಷ್ಯನಿಲ್ಲ. ನಮ್ಮ ಕಡೆ ಆಡಕಿ ಹಳ್ಳಿಯ ದಾರಿಯಲ್ಲಿ ತೊಗರಿ ಹೊಲದ ಬದಿಗೆ ನಿಂತರೆ ಹತ್ತು ಜನ ಬಂದು ಯಾರು, ಯಾರ ಪೈಕಿ ಎಂದು ಕೇಳುತ್ತಾರೆ. ಇಲ್ಲಿ ಎದುರು ಬಂದವರೆಲ್ಲ “ಹೇಗಿದ್ದೀರಿ?” ಎನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ದಿನ ನಾನು ಒಬ್ಬಳಿಗೆ ನಿದ್ದೆ ಬಾರದ್ದು, ಹೊಟ್ಟೆ ಉಬ್ಬರಿಸಿದ್ದು ಎಲ್ಲ ಹೇಳಲು ಶುರುಮಾಡಿದೆ. ತಲೆ ಎತ್ತಿದರೆ ಅವಳು ಮೂಲೆ ತಿರುಗಿಯಾಗಿತ್ತು.

ಪ್ರಾಣಿಗಳ ಆಸ್ಪತ್ರೆಯ ಬಗ್ಗೆ ಏನು ಹೇಳಲಿ? ನಾಯಿಗಳು ಕಾಯಲು ಒಂದು ಹಾಲ್, ಬೆಕ್ಕುಗಳು ಕಾಯಲು ಇನ್ನೊಂದು. ನಾಯಿಯನ್ನು ನೋಡಿ ಬೆಕ್ಕಿನ ಮನಸ್ಸು ಕದಡಬಾರದಂತೆ. ನೆಲಕ್ಕೆ ಮೆತ್ತನೆಯ ಹಾಸು, ಮೂಲೆಯಲ್ಲಿ ಸಣ್ಣಗೆ ಸಂಗೀತ. ತೂಕ ನೋಡುವಾಗ ಒಬ್ಬ ಸಹಾಯಕಿ ನಾಯಿಯ ಕಿವಿಯಲ್ಲಿ ಕ್ಷಮೆ ಕೇಳಿದಳು. ನಮ್ಮ ಕಡೆ ಮನುಷ್ಯರು ತೂಕದ ಯಂತ್ರ ಹತ್ತಿದರೆ ಚಪ್ಪಲಿ ಬಿಡು ಎಂದು ಬೈಸಿಕೊಂಡೇ ಇಳಿಯುತ್ತಾರೆ.

ನಾವಿಬ್ಬರೂ ಹಾಲ್‌ನಲ್ಲಿ ಕೂತಿದ್ದಾಗ ಕೌಂಟರಿನಿಂದ ಕೂಗು ಬಂತು: “ಮಿಸ್ಟರ್ ವಾಲ್ಟರ್ ಹ್ಯಾರಿಸನ್!”

ಯಾರೋ ದೊಡ್ಡ ಮನುಷ್ಯರು ಎಂದು ಸಾಹೇಬರು ಥಟ್ಟನೆ ಎದ್ದು ನಿಂತರು, ಕೋಟಿನ ಗುಂಡಿ ಹಾಕಿದರು, ಕೈಕುಲುಕಲು ಕೈ ಮುಂದೆ ಚಾಚಿದರು. ಅವರ ಮುಂದಿನಿಂದ ಕೆಂಚು ಕೂದಲಿನ ಮುದಿ ನಾಯಿಯೊಂದು ನಿಧಾನಕ್ಕೆ ನಡೆದುಹೋಯಿತು. ಹೋಗುತ್ತ ಚಾಚಿದ ಕೈಯನ್ನು ಒಮ್ಮೆ ನೆಕ್ಕಿತು.

ಅದೇ ವಾಲ್ಟರ್. ಹ್ಯಾರಿಸನ್ ಎಂಬುದು ಅದರ ಒಡತಿಯ ಅಡ್ಡಹೆಸರು. ಒಡತಿಯ ಹೆಸರು ಮಾರ್ಗರೆಟ್, ಎಪ್ಪತ್ತು ದಾಟಿದ ವಿಧವೆ, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ನಾಯಿಯನ್ನು ಹತ್ತಿರದಿಂದ ನೋಡಿದಾಗ ನಾನು ಬೆಚ್ಚಿದೆ. ಅದರ ಕೆಳದವಡೆಯ ಎಡ ಅರ್ಧ ಇರಲಿಲ್ಲ. ನಾಲಿಗೆ ಆ ಖಾಲಿ ಜಾಗದಿಂದ ಹೊರಗೆ ಜೋತುಬಿದ್ದು, ಜೊಲ್ಲು ತೊಟ್ಟಿಕ್ಕುತ್ತಿತ್ತು. ಮಾರ್ಗರೆಟ್ ಅದರ ಕೊರಳಿಗೆ ಒಂದು ಕರವಸ್ತ್ರ ಕಟ್ಟಿದ್ದಳು. ವಾಲ್ಟರ್ ಮಾತ್ರ ಮದುವೆಮನೆಗೆ ಬಂದವನ ಹಾಗೆ ಎಲ್ಲರ ಕಡೆ ಬಾಲ ಅಲ್ಲಾಡಿಸುತ್ತಿತ್ತು.

ಎರಡನೇ ದಿನ

ಲಸಿಕೆ ಕೊಡುವ ಡಾಕ್ಟರಮ್ಮನ ಹೆಸರು ಎಲೆನ್. ಅವಳ ಕೈಯಲ್ಲಿ ಸೂಜಿ ಇರಲಿಲ್ಲ. ಡ್ರಿಲ್ ಯಂತ್ರದ ತಮ್ಮನಂತಿದ್ದ ಒಂದು ಸಾಧನವನ್ನು ವಾಲ್ಟರನ ತೊಡೆಯ ಒಳಭಾಗಕ್ಕೆ ಒತ್ತಿದಳು. ‘ಟಪ್’ ಎಂದಿತು. ಒತ್ತಡದಿಂದ ಔಷಧಿ ಚರ್ಮ ದಾಟಿ ಮಾಂಸಕ್ಕೆ ಹೋಯಿತು. ವಾಲ್ಟರ್ ಒಮ್ಮೆ ಹಿಂತಿರುಗಿ ತನ್ನ ತೊಡೆ ನೋಡಿಕೊಂಡಿತು, ಅಷ್ಟೇ. ನೋಡುತ್ತಿದ್ದ ಸಾಹೇಬರು ತಮ್ಮ ತೊಡೆ ಹಿಡಿದುಕೊಂಡರು.

ಆಮೇಲೆ ಎಲೆನ್ ಹಲಗೆಯ ಮೇಲೆ ಬರೆದು ವಿವರಿಸಿದಳು. ನಾನು ಅದನ್ನು ವಾಡಿ ಜಂಕ್ಷನ್ ಲೆಕ್ಕದಲ್ಲಿ ಅರ್ಥಮಾಡಿಕೊಂಡೆ. ನಮ್ಮ ಮೈಯಲ್ಲಿ ರೋಗ ಹಿಡಿಯುವ ಪಡೆಯನ್ನು ರೈಲಿನ ಟಿಸಿ ಎನ್ನಿ. ಹೊರಗಿನಿಂದ ಬಂದ ರೋಗಾಣುವಿನ ಹತ್ತಿರ ಟಿಕೆಟ್ ಇರುವುದಿಲ್ಲ, ಟಿಸಿ ಕೂಡಲೇ ಹಿಡಿಯುತ್ತಾನೆ. ಕ್ಯಾನ್ಸರ್ ಮಾತ್ರ ಹೊರಗಿನದಲ್ಲ. ನಮ್ಮದೇ ಮೈಯ ಕಣ, ದಾರಿ ಬಿಟ್ಟದ್ದು. ಟಿಸಿಗೆ ಅದು ಸ್ವಂತ ಅಳಿಯನ ಹಾಗೆ ಕಾಣುತ್ತದೆ. ಟಿಕೆಟ್ ಕೇಳದೆ ಮುಂದೆ ಹೋಗುತ್ತಾನೆ, ಅಳಿಯ ಬೋಗಿಯನ್ನೆಲ್ಲ ತುಂಬಿಕೊಳ್ಳುತ್ತಾನೆ.

ವಾಲ್ಟರನ ಬಗೆಯ ಕ್ಯಾನ್ಸರಿನ ಕಣಗಳು ಒಂದು ಪ್ರೋಟೀನು ತಯಾರಿಸುತ್ತವೆ. ಅದೇ ಪ್ರೋಟೀನು ಮನುಷ್ಯನಲ್ಲೂ ಇದೆ, ಆದರೆ ಕೂದಲೆಳೆಯಷ್ಟು ಬೇರೆ. ಲಸಿಕೆಯಲ್ಲಿ ಇರುವುದು ಆ ಮನುಷ್ಯನ ಪ್ರೋಟೀನು ತಯಾರಿಸುವ ಬರಹ, ಅಂದರೆ ಡಿಎನ್‌ಎ. ಅದು ನಾಯಿಯ ತೊಡೆಯೊಳಗೆ ಹೋದಾಗ ನಾಯಿಯ ಕಣಗಳೇ ಆ ಬರಹ ಓದಿ ಮನುಷ್ಯನ ಪ್ರೋಟೀನು ಮಾಡುತ್ತವೆ. ಟಿಸಿ ಅದನ್ನು ನೋಡುತ್ತಾನೆ: ಮುಖ ಅಳಿಯನದೇ, ಮೂಗು ಮಾತ್ರ ಸೊಟ್ಟ. ಇವನ್ಯಾವನೋ ಬೇರೆ ಎಂದು ಎದ್ದು ನಿಲ್ಲುತ್ತಾನೆ. ಒಮ್ಮೆ ಅನುಮಾನ ಹುಟ್ಟಿದ ಮೇಲೆ ನಿಜವಾದ ಅಳಿಯನನ್ನೂ ಹಿಡಿದು ಟಿಕೆಟ್ ಕೇಳುತ್ತಾನೆ.

“ಎಲ್ಲ ನಾಯಿಗೂ ಕೆಲಸ ಮಾಡುತ್ತದೆಯೇ?” ನಾನು ಕೇಳಿದೆ.

“ಇಲ್ಲ. ಕೆಲವಕ್ಕೆ ಅನುಕೂಲ ಆದಂತೆ ಕಾಣುತ್ತದೆ. ಎಷ್ಟು ಅನುಕೂಲ ಎಂಬುದರ ಬಗ್ಗೆ ನಮ್ಮಲ್ಲೇ ಜಗಳ ಇದೆ. ಮತ್ತೆ ಇದೊಂದರಿಂದಲೇ ಕೆಲಸ ಆಗುವುದಿಲ್ಲ. ಮೊದಲು ಗಡ್ಡೆ ಕೊಯ್ದು ತೆಗೆಯಬೇಕು. ಉಳಿದ ಒಂದೆರಡು ಕಣಗಳನ್ನು ಹಿಡಿಯಲು ಲಸಿಕೆ. ಗಡ್ಡೆ ಹಾಗೇ ಬಿಟ್ಟು ಲಸಿಕೆ ಕೊಟ್ಟರೆ ಬಿರುಗಾಳಿಗೆ ಬಾಗಿಲು ತೆರೆದಿಟ್ಟು ಕಸ ಗುಡಿಸಿದ ಹಾಗೆ.”

ಸಾಹೇಬರು ಎಚ್ಚರಗೊಂಡು, “ಮನುಷ್ಯರಿಗೆ?” ಅಂದರು. ಇಡೀ ಹತ್ತು ದಿನದಲ್ಲಿ ಅವರು ಕೇಳಿದ ಒಂದೇ ಪ್ರಶ್ನೆ, ಒಳ್ಳೆಯ ಪ್ರಶ್ನೆ.

“ಬೇರೆ ಬೇರೆ ಕ್ಯಾನ್ಸರಿಗೆ ಇಂಥವನ್ನು ಪರೀಕ್ಷೆ ಮಾಡುತ್ತಿದ್ದಾರೆ. ಕೆಲವು ಆಸೆ ಹುಟ್ಟಿಸಿವೆ, ಕೆಲವು ಬಿದ್ದುಹೋಗಿವೆ. ಅಂಗಡಿಯಲ್ಲಿ ಸಿಗುವಂಥದ್ದು ಇನ್ನೂ ಇಲ್ಲ. ನಾನು ಮಾತು ಕೊಡುವುದಿಲ್ಲ.”

ಇಷ್ಟು ಕಡಿಮೆ ಹೇಳಿಕೊಳ್ಳುವ ತಜ್ಞರನ್ನು ನಾನು ನೋಡಿದ್ದೇ ಇಲ್ಲ. ಅವಳಿಗೆ ಯಾರೂ ಶಾಲು ಹೊದಿಸಿರಲಿಲ್ಲ ಅಂತ ಕಾಣುತ್ತದೆ.

ನಾಲ್ಕನೇ ದಿನ

ಬೆಳಗಿನ ಚಹಾ ಕುಡಿಯುತ್ತ ಮನೆಗೆ ಫೋನ್ ಮಾಡಿದೆ. ನಮ್ಮ ಬೆಳಗು ಅವರ ಸಂಜೆ. ಹೆಂಡತಿ ಅಂದಳು: “ಮರೆಪ್ಪ ಕಾಕಾ ಆಪರೇಷನ್‌ಗೆ ಹೋಗಿಲ್ರಿ. ತಾರೀಖ ಮೊನ್ನೇನೇ ಆಗಿ ಹೋತು. ಸಣ್ಣವ್ವ ಅಳ್ಲಿಕತ್ತಾಳ.”

ಕೂಡಲೇ ತೆಂಗಳಿಗೆ ಹಚ್ಚಿದೆ. ಕಾಕಾನೇ ಎತ್ತಿದ.

“ಕಾಕಾ, ದವಾಖಾನಿಗಿ ಯಾಕ ಹೋಗಿಲ್ಲ?”

“ನೀ ಬರ್ಲಿಕತ್ತಿ ಅಲ್ಲಾ, ಮತ್ಯಾಕ ಹೋಗ್ಲಿ?”

“ನಾ ಬಂದು ಏನ್ ಮಾಡ್ಲಿ?”

“ಸೂಜಿ ತರ್ತಿ ಅಲ್ಲಾ. ಬ್ಯಾನರ್ ಮ್ಯಾಲ ಬರದಿತ್ತು, ನಾನೇ ಓದೀನಿ. ಸುಮ್ಮ ದವಡಿ ಯಾಕ ಕೊಯ್ಸಬೇಕು ಅಂತ ಡಾಕ್ಟರ್‌ಗೂ ಹೇಳಿ ಕಳಿಸೀನಿ. ನಮ್ಮ ಹುಡುಗ ಅಮೆರಿಕಾದಿಂದ ತರ್ಲಿಕತ್ತಾನ ಅಂತ.”

ನನ್ನ ಕೈಯ ಲೋಟ ಮೇಜಿನ ಮೇಲೆ ಇಟ್ಟೆ.

“ಕಾಕಾ, ಅದು ನಾಯಿ ಸೂಜಿ.”

ತೆಂಗಳಿಯ ಕೋಳಿಯ ಸದ್ದು ಕೇಳುತ್ತಿತ್ತು.

“ನಾಯಿಗಿ ಅದ, ಮನಶ್ಯಾಗ ಇಲ್ಲಾ?”

“ಇಲ್ಲ. ಇನ್ನಾ ನೋಡ್ಲಿಕತ್ತಾರ.”

“ಹಂಗಿದ್ರ ಆ ನಾಯಿ ಸೂಜೀನೇ ತಾ. ಏನಾಗ್ತದ ಆಗ್ಲಿ. ಭಾಳ ಅಂದ್ರ ಬೊಗಳ್ತೀನಿ.”

“ಅದು ಬ್ಯಾರೆ ಬಿಮಾರಿ ಕಾಕಾ, ನಿನಗ ನಡೆಯಂಗಿಲ್ಲ. ಮತ್ತ ನಾಯಿಗೂ ಮೊದಲ ದವಡಿ ಕೊಯ್ದೇ ಆಮ್ಯಾಲ ಸೂಜಿ ಕೊಡ್ತಾರ.”

“ಸುಳ್ಳ ಹೇಳಬ್ಯಾಡ. ಅಷ್ಟು ದೊಡ್ಡ ದೇಶ, ಸೂಜಿ ಇಟ್ಕೊಂಡು ದವಡಿ ಯಾಕ ಕೊಯ್ತಾರ? ನಾಯಿಗಿ ತರ್ತಿ, ಕಾಕಾಗ ತರಂಗಿಲ್ಲ. ಹಂಗಂತ ಹೇಳು.” ಆಮೇಲೆ ಅವನ ದನಿ ತಗ್ಗಿತು. “ದವಡಿ ಹೋದ್ರ ಮಾತ ಹೋಗ್ತದ ಸುಭಾಷಾ. ಮಾತಿಲ್ದ ನಾ ಯಾಂವ?”

ಫೋನ್ ಇಟ್ಟುಬಿಟ್ಟ.

ಅದು ಸುಳ್ಳಲ್ಲ. ಗಣಿಯಲ್ಲಿ ಕಾಕಾನ ಮಾತಿಗೆ ಕಲ್ಲು ಎತ್ತುವವರ ಬೆನ್ನುನೋವು ಮರೆತುಹೋಗುತ್ತಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದ. ಮದುವೆಯ ಮಾತುಕತೆ ಮುರಿದರೆ ಅವನನ್ನು ಕರೆಯುತ್ತಿದ್ದರು, ಅಣ್ಣತಮ್ಮಂದಿರು ಬದುವಿಗೆ ಜಗಳವಾಡಿದರೆ ಅವನನ್ನು ಕರೆಯುತ್ತಿದ್ದರು. ಅಂಥವನನ್ನು ಒಂದು ಬ್ಯಾನರು ದಾರಿ ತಪ್ಪಿಸಿತ್ತು. ಬ್ಯಾನರು ಎನ್ನುವುದೇಕೆ, ನಾನು ತಪ್ಪಿಸಿದ್ದೆ. ಬೆಚ್ಚಗಿದ್ದ ಶಾಲಿಗಾಗಿ ಒಂದು ಶಬ್ದ ನುಂಗಿಕೊಂಡಿದ್ದೆ.

ಅವತ್ತು ನನ್ನ ಉಪನ್ಯಾಸವೂ ಇತ್ತು. ಮೊದಲು ತಂಡದ ನಾಯಕರು ಎದ್ದು ತಮ್ಮ ಹೆಸರು, ಹುದ್ದೆ, ಹಿಂದಿನ ಹುದ್ದೆ, ಅದರ ಹಿಂದಿನ ಹುದ್ದೆ ಹೇಳಿ, ಭಾರತ ಹಳ್ಳಿಗಳ ದೇಶವೆಂದು ತಿಳಿಸಿ ಕೂತರು. ನಾನು ಎತ್ತಿನ ಕೊಂಬಿನ ಬಗ್ಗೆ ಮಾತಾಡಿದೆ. ಕಣ್ಣಿನ ಹಿಂದೆ ನರಕ್ಕೆ ಮದ್ದು ಕೊಟ್ಟು ಜೋಮು ಹಿಡಿಸುವುದು, ನಾಲ್ಕು ಜನ ಹಿಡಿದುಕೊಳ್ಳುವುದು, ಬೇವಿನ ಗಿಡದ ಕೆಳಗೆ ಕೊಯ್ಯುವುದು, ಎಲ್ಲ ಹೇಳಿದೆ. ಒಬ್ಬ ಕೈ ಎತ್ತಿ, ಆಮೇಲೆ ಎತ್ತಿನ ಮನಸ್ಸಿಗೆ ಏನು ಚಿಕಿತ್ಸೆ ಎಂದು ಕೇಳಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು, “ನಮಗೆ ಮನುಷ್ಯರ ಮನಸ್ಸಿಗೇ ಚಿಕಿತ್ಸೆ ಗೊತ್ತಿಲ್ಲ,” ಎಂದು ಕೂತುಬಿಟ್ಟೆ. ಅವರು ಅದನ್ನು ಬಹಳ ಆಳವಾದ ಮಾತು ಎಂದು ಚಪ್ಪಾಳೆ ತಟ್ಟಿದರು.

ಮಾರ್ಗರೆಟ್‌ಳ ಅಡುಗೆಮನೆ

ಉಪನ್ಯಾಸ ಕೇಳಲು ಮಾರ್ಗರೆಟ್ ಕೂಡ ಬಂದಿದ್ದಳು. ಅಲ್ಲಿ ಇಂಥವಕ್ಕೆ ನಾಯಿಯ ಒಡೆಯರೂ ಬರುತ್ತಾರೆ. ಅವಳು ನನ್ನ ಹತ್ತಿರ ಬಂದು “ಹೇಗಿದ್ದೀರಿ?” ಅಂದಳು. ನಾನು “ಚೆನ್ನಾಗಿದ್ದೇನೆ” ಅಂದೆ, ಅಷ್ಟರಲ್ಲಿ ಅದು ರೂಢಿಯಾಗಿತ್ತು. ಅವಳು ಮಾತ್ರ ಮುಂದೆ ಹೋಗಲಿಲ್ಲ. “ಇಲ್ಲ, ನಿಜವಾಗಿ ಹೇಗಿದ್ದೀರಿ?” ಅಂದಳು.

ಹೇಳಿದೆ. ಬ್ಯಾನರಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ನನಗೆ ಸಮಾಧಾನ ಹೇಳಲಿಲ್ಲ. “ಅದು ನಿಮ್ಮದೇ ತಪ್ಪು,” ಅಂದಳು. ಆಮೇಲೆ, “ನಾಡಿದ್ದು ಶನಿವಾರ ಬೆಳಿಗ್ಗೆ ನಾಷ್ಟಾಕ್ಕೆ ಬನ್ನಿ. ನಿಮ್ಮ ಕಾಕಾನಿಗೆ ವಾಲ್ಟರನನ್ನೇ ತೋರಿಸಿ,” ಅಂದಳು.

ಶನಿವಾರ ಹೋದೆ. ಸಾಹೇಬರು ಮಾಲ್‌ಗೆ ಹೋಗಿದ್ದರು. ಮಾರ್ಗರೆಟ್‌ಳ ಅಡುಗೆಮನೆಯ ಅರ್ಧ ವಾಲ್ಟರನದು. ಅದಕ್ಕೊಂದು ಹಾಸಿಗೆ, ಮಂಚ ಹತ್ತಲು ಇಳಿಜಾರು ಹಲಗೆ, ಗೋಡೆಯ ಮೇಲೆ ಅದರ ಹುಟ್ಟುಹಬ್ಬದ ಫೋಟೊ. ಫೋಟೊದಲ್ಲಿ ಅದು ಟೋಪಿ ಹಾಕಿಕೊಂಡು ಬಹಳ ಅವಮಾನದಿಂದ ಕೂತಿತ್ತು. ನಾನು ವಿಡಿಯೊ ಕರೆ ಹಚ್ಚಿದೆ. ಸಣ್ಣವ್ವ ಎತ್ತಿ, ಫೋನನ್ನು ಕಾಕಾನ ಮುಖದ ಮುಂದೆ ಹಿಡಿದಳು. ಗಲ್ಲ ನಾನು ಬಿಟ್ಟುಬಂದದ್ದಕ್ಕಿಂತ ಊದಿತ್ತು. ಕಾಕಾ ಮುಖ ತಿರುಗಿಸಿದ.

“ಕಾಕಾ, ಮಾತಾಡಬ್ಯಾಡ, ಸುಮ್ಮ ನೋಡು,” ಎಂದು ನಾನು ಫೋನನ್ನು ವಾಲ್ಟರನ ಕಡೆ ತಿರುಗಿಸಿದೆ.

ಮಾರ್ಗರೆಟ್ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಅನ್ನ ಕಲಸಿ ಇಟ್ಟಳು. ವಾಲ್ಟರ್ ತಲೆಯನ್ನು ಬಲಕ್ಕೆ ವಾಲಿಸಿ, ಇದ್ದ ಅರ್ಧ ದವಡೆಯಿಂದ ಬಾಚಿ ಬಾಚಿ ತಿಂದಿತು. ಸುತ್ತಲೂ ಚೆಲ್ಲಿತು, ಚೆಲ್ಲಿದ್ದನ್ನೂ ನೆಕ್ಕಿತು. ನಾಲಿಗೆ ಜೋತಾಡಿತು. ಕಾಕಾ ಪೂರ್ತಿ ನೋಡಿದ.

“ಖರೇನೇ ಕೊಯ್ದಾರ,” ಅಂದ ಕೊನೆಗೆ.

“ಖರೇನೇ ಕೊಯ್ದಾರ.”

“ಸೋರಿಸ್ಲಿಕತ್ತದ.”

“ಸೋರ್ತದ. ನೀನೂ ಈಗ ಸೋರಿಸ್ಲಿಕತ್ತೀ ಅಲ್ಲಾ?”

ಕಾಕಾ ಟವೆಲ್‌ನಿಂದ ಬಾಯಿ ಒರೆಸಿಕೊಂಡ. “ಏನ್ ಹೆಸರ ಅದರದು?”

“ವಾಲ್ಟರ್.”

“ಏ ವಾಲ್ಟ್ಯಾ!” ಎಂದು ಕಾಕಾ ಗಣಿಯಲ್ಲಿ ಆಳು ಕರೆಯುವ ಹಾಗೆ ಕೂಗಿದ.

ತಟ್ಟೆಯಿಂದ ತಲೆ ಎತ್ತಿದ ವಾಲ್ಟರ್ ಕಿವಿ ನೆಟ್ಟಗೆ ಮಾಡಿತು. ಫೋನಿನ ಹತ್ತಿರ ಬಂದು ಮೂಸಿತು, ಮತ್ತೆ ಆ ಸೊಟ್ಟ ಬಾಯಿಂದಲೇ ಇಡೀ ಮನೆ ನಡುಗುವ ಹಾಗೆ ಬೊಗಳಿತು. ಒಂದಲ್ಲ, ನಾಲ್ಕು ಸಲ.

“ಬೊಗಳ್ತಾನ!” ಕಾಕಾ ಸಣ್ಣವ್ವನ ಕಡೆ ತಿರುಗಿದ. “ನೋಡಿದ್ಯಾ? ಬೊಗಳ್ತಾನ!”

ಅವರು ಏನಂದರು ಎಂದು ಮಾರ್ಗರೆಟ್ ಕೇಳಿದಳು. ನಿಮ್ಮ ನಾಯಿ ಚೆನ್ನಾಗಿ ಮಾತಾಡುತ್ತದೆ ಅನ್ನುತ್ತಿದ್ದಾರೆ ಅಂದೆ. ಅವಳು ಫೋನು ತನ್ನ ಕೈಗೆ ತೆಗೆದುಕೊಂಡಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಸಾಲು ಸಾಲಾಗಿ ಕಾಕಾನಿಗೆ ಹೇಳಿದೆ.

“ಮೊದಲ ವಾರ ಬಹಳ ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ನಾನೂ ಮೂರು ವಾರ ಆಪರೇಷನ್ ಮುಂದಕ್ಕೆ ಹಾಕಿದ್ದೆ. ಇವನ ಮುಖ ಆಮೇಲೆ ಹೇಗೆ ಕಾಣುತ್ತದೋ ಎಂದು ಅಳುತ್ತ ಕೂತಿದ್ದೆ. ಇವನು ಮಾತ್ರ ಇವತ್ತಿನವರೆಗೆ ಒಮ್ಮೆಯೂ ಕನ್ನಡಿ ನೋಡಿಲ್ಲ.”

“ನಾ ನೋಡ್ತೀನಲ್ಲಾ ಕನ್ನಡಿ,” ಕಾಕಾ ಅಂದ.

ಹಿಂದಿನಿಂದ ಸಣ್ಣವ್ವನ ದನಿ ಬಂತು. ಅಷ್ಟು ದಿನ ಅತ್ತು ಅತ್ತು ಒಡೆದುಹೋಗಿದ್ದ ದನಿ. “ಮನ್ಯಾಗಿನ ಕನ್ನಡಿ ನಾ ತೆಗದು ಇಡ್ತೀನಿ. ನೀ ಮೊದಲ ದವಾಖಾನಿಗಿ ನಡಿ.”

ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ನನ್ನನ್ನಲ್ಲ, ವಾಲ್ಟರನನ್ನು ನೋಡಿ ಅಂದ: “ನಾಯಿನೇ ಅಷ್ಟು ಧೈರ್ಯಾ ಮಾಡ್ಯದ ಅಂದ ಮ್ಯಾಲ ನಾ ಏನು ಅದಕಿಂತ ಕಮ್ಮಿ?”

ನನ್ನ ಹದಿನೆಂಟು ವರ್ಷದ ಡಾಕ್ಟರಿಕೆ ಮಾಡದ ಕೆಲಸವನ್ನು ನಾಲ್ಕು ಬೊಗಳು ಮಾಡಿದವು. ಮಾರ್ಗರೆಟ್ ನನ್ನ ತಟ್ಟೆಗೂ ಮೊಟ್ಟೆ ಅನ್ನ ಹಾಕಿದಳು. ವಾಲ್ಟರನಿಗೆ ಕಲಸಿದ ಪಾತ್ರೆಯಿಂದಲೇ ಹಾಕಿದಳು ಎಂದು ಅನುಮಾನ. ತಿಂದೆ.

ವಾಪಸು

ನಾನು ಹೈದರಾಬಾದಿಗೆ ಇಳಿದ ದಿನವೇ ಕಲಬುರಗಿಯಲ್ಲಿ ಕಾಕಾನ ಆಪರೇಷನ್ ನಡೆದಿತ್ತು. ದವಡೆಯ ಎಡಭಾಗ ತೆಗೆದು, ಎದೆಯ ಮಾಂಸ ತಂದು ಗಲ್ಲಕ್ಕೆ ಹೊಲಿದಿದ್ದರು. ಸರ್ಜನ್ ನನ್ನನ್ನು ಹೊರಗೆ ನಿಲ್ಲಿಸಿ ಹೇಳಿದರು: “ಮೊದಲಿನ ತಾರೀಖಿಗೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು. ಯಾರೋ ಲಸಿಕೆ ತರುತ್ತಾರೆ ಎಂದು ಕೂತಿದ್ದರಂತೆ. ಯಾರ್ರೀ ಆ ಮಹಾನುಭಾವ?” ನಾನು ನನ್ನ ಹೆಸರು ಹೇಳಿದೆ. ಅವರು ತಿರುಗಿ ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಸಾಹೇಬರು ಬಂದ ವಾರದಲ್ಲೇ ಪತ್ರಿಕೆಯವರನ್ನು ಕರೆದು ಮಾತಾಡಿದರು. ಕ್ಯಾನ್ಸರಿಗೆ ಇನ್ನು ಹೆದರಬೇಕಿಲ್ಲ, ಅಮೆರಿಕದ ಡಿಎನ್‌ಎ ತಂತ್ರಜ್ಞಾನವನ್ನು ನಾವೇ ಕಣ್ಣಾರೆ ಪರಿಶೀಲಿಸಿ ಬಂದಿದ್ದೇವೆ ಎಂದರು. ಕಣ್ಣಾರೆ ಎಂಬುದು ಅರ್ಧ ನಿಜ. ಉಳಿದರ್ಧ ಹೊತ್ತು ಅವರ ಕಣ್ಣು ಮುಚ್ಚಿದ್ದವು.

ಸೇಡಂನಲ್ಲಿ ಮತ್ತೆ ಕಾರ್ಯಕ್ರಮ ಇಟ್ಟರು. ಈ ಸಲ ನಾನು ಶಾಲು ಬರುವ ಮೊದಲೇ ಮೈಕ್ ಹಿಡಿದೆ. ನಾನು ನೋಡಿಬಂದದ್ದು ನಾಯಿಯ ಲಸಿಕೆ ಅಂದೆ. ಮನುಷ್ಯರದ್ದು ಇನ್ನೂ ಪರೀಕ್ಷೆಯಲ್ಲಿದೆ, ಬಂದರೆ ಒಳ್ಳೆಯದು, ಅದಕ್ಕಾಗಿ ಯಾರೂ ಕಾಯುತ್ತ ಕೂರಬೇಡಿ ಅಂದೆ. ಬಾಯಲ್ಲಿ ವಾಸಿಯಾಗದ ಹುಣ್ಣಿದ್ದರೆ ನಾಳೆಯೇ ಹೋಗಿ ತೋರಿಸಿ, ಕೊಯ್ಯಬೇಕು ಅಂದರೆ ಕೊಯ್ಸಿಕೊಳ್ಳಿ, ತಂಬಾಕು ಬಿಡಿ ಅಂದೆ. ಸಭೆ ಸಪ್ಪಗಾಯಿತು. ಹಿಂದಿನ ಸಾಲಿನಿಂದ ಒಬ್ಬ ತಂಬಾಕು ಉಗುಳಲು ಎದ್ದು ಹೋಗುತ್ತ ಪಕ್ಕದವನಿಗೆ ಅಂದದ್ದು ಮೈಕಿನವರೆಗೂ ಕೇಳಿಸಿತು:

“ಇಷ್ಟು ಹೇಳ್ಲಿಕ್ಕ ಅಮೆರಿಕಾಕ್ಕ ಹೋಗ್ಬೇಕಿತ್ತೇನು?”

ಬೇಕಿತ್ತು ಅಂತ ಕಾಣುತ್ತದೆ. ಇಲ್ಲೇ ಇದ್ದಾಗ ನನ್ನ ಬಾಯಿಂದ ಬಂದಿರಲಿಲ್ಲ.

ತೆಂಗಳಿ

ಆಪರೇಷನ್ ಆದ ಮೇಲೆ ಕಾಕಾನಿಗೆ ಆರು ವಾರ ಕರೆಂಟ್ ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಮಂದಿ ಹಾಗೆನ್ನುತ್ತಾರೆ. ಬಾಯಿ ಸುಟ್ಟ ಹಾಗಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ತೂಕ ಇಳಿದು ಅಂಗಿಯೊಳಗೆ ಕಾಕಾ ಹುಡುಕಿದರೂ ಸಿಗದ ಹಾಗಾದ. ಹೊಸ ಗಲ್ಲದೊಳಗೆ ಎದೆಯ ಕೂದಲು ಬೆಳೆಯತೊಡಗಿತು. “ಮಂದಿಗಿ ಗಡ್ಡ ಹೊರಗ ಬರ್ತದ, ನನಗ ಬಾಯಾಗ ಬಂದದ,” ಎಂದು ಬರೆದು ತೋರಿಸಿದ. ಬರೆದು ತೋರಿಸಿದ, ಏಕೆಂದರೆ ಮಾತು ಹೊರಡುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಅವನ ಸ್ಲೇಟು ನೋಡಿ ತಲೆ ತಗ್ಗಿಸುತ್ತಿದ್ದೆ. ಅವನು ಒಂದು ಸಲವೂ ಶಾಲಿನ ಸುದ್ದಿ ಎತ್ತಲಿಲ್ಲ.

ಈಚೆಗೊಂದು ಹುಣ್ಣಿಮೆಗೆ ತೆಂಗಳಿಯ ಬುದ್ಧ ವಿಹಾರಕ್ಕೆ ಹೋಗಿದ್ದೆ. ಹುಣ್ಣಿಮೆ ಬಂದರೆ ಓಣಿಯವರೆಲ್ಲ ಸಂಜೆ ಅಲ್ಲಿ ಸೇರುತ್ತಾರೆ. ಪಾಲಿ ಭಾಷೆಯ ವಂದನೆಯನ್ನು ಒಬ್ಬರು ಮುಂದೆ ಕೂತು ಹೇಳಿಕೊಡುವುದು, ಉಳಿದವರು ಹಿಂದೆ ಅನ್ನುವುದು ರೂಢಿ. ಇಪ್ಪತ್ತು ವರ್ಷ ಅದನ್ನು ಹೇಳಿಕೊಟ್ಟವನು ಕಾಕಾ. ಈ ನಡುವಿನ ತಿಂಗಳುಗಳಲ್ಲಿ ಬೇರೆ ಯಾರೋ ಮಾಡುತ್ತಿದ್ದರು. ಅವತ್ತು ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಕೂತಾದ ಮೇಲೆ ಕಾಕಾ ಬಂದ, ಯಾರನ್ನೂ ಕೇಳದೆ ಮುಂದೆ ಹೋಗಿ ಕೂತ, ಕೈ ಜೋಡಿಸಿದ.

ಶುರು ಮಾಡಿದ. ಮಾತುಗಳು ಬಾಯೊಳಗೆ ಜಾರಿ, ಅರ್ಧ ಗಾಳಿಯಾಗಿ ಹೊರಬಂದವು. ಎಡಗಡೆಯಿಂದ ಜೊಲ್ಲು ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಒಂದು ಸಾಲು ಮುಗಿದರೂ ಯಾರೂ ಹಿಂದೆ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾನ ವಾರಿಗೆಯ ಮುದುಕನೊಬ್ಬ ಮೆಲ್ಲಗೆ ಅಂದ:

“ಮರೆಪ್ಪಾ, ಏನಂದಿ ಏನೂ ತಿಳೀಲಿಲ್ಲೋ.”

ಕಾಕಾ ಹಿಂತಿರುಗಿದ. ಅವನು ಅಂದದ್ದು ನನಗೆ ಎರಡನೇ ಸಲಕ್ಕೆ ತಿಳಿಯಿತು, ಅವನೂ ನಮಗಾಗಿ ಎರಡು ಸಲ ಅಂದ:

“ಇಪ್ಪತ್ತು ವರ್ಷ ಛಲೋ ಬಾಯಿಲೆ ಅಂದಾಗ ಏನ್ ತಿಳಿದಿತ್ತು? ಸುಮ್ಮ ಹಿಂದ ಅನ್ನು.”

ವಿಹಾರದಲ್ಲಿ ನಗೆ ಹರಡಿತು. ಸಣ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ಕಾಕಾ ಮುಂದೆ ತಿರುಗಿ ಮೊದಲ ಸಾಲನ್ನು ಮತ್ತೆ ಹೇಳಿದ. ಈ ಸಲ ಎಲ್ಲರೂ ಹಿಂದೆ ಅಂದರು, ಅವನು ಹೇಗೆ ಅಂದನೋ ಹಾಗೆಯೇ, ಅದೇ ತೊದಲು ಸಮೇತ.